ಮೊದಲ ಪುಟಕ್ಕೊಂದು ದೊಡ್ಡ ಫೋಟೋ

ಫೆಬ್ರವರಿ 2, ಭಾನುವಾರ

ಇವತ್ತು ಹನ್ನೊಂದು ಹೆಂಗಸರು. ಎಡಗಿವಿಯಲ್ಲಿ ಇನ್ನೂ ನೀರಿದೆ, ತಲೆ ಓರೆ ಮಾಡಿಕೊಂಡೇ ಬರೆಯುತ್ತಿದ್ದೇನೆ.

ಮಾಸ್ತಮ್ಮ ತೇಲಿದರು. ಐವತ್ತೆಂಟು ವಯಸ್ಸು. ಮೂವತ್ತು ವರ್ಷದಿಂದ ಶರಾವತಿಯಲ್ಲಿ ಕುತ್ತಿಗೆ ಮಟ್ಟ ಇಳಿದು ಬಳಚು ಚಿಪ್ಪು ಆರಿಸುವವರು — ಈಜು ಬಾರದೆ. ಹತ್ತು ಎಣಿಸುವಷ್ಟು ಹೊತ್ತು ಬೆನ್ನ ಮೇಲೆ ಮಲಗಿದರು. ನನ್ನ ಕೈ ತೆಗೆದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಎದ್ದು ನಿಂತು ಮುಖ ಒರೆಸಿಕೊಂಡು, "ಇಷ್ಟೇಯಾ? ಇಷ್ಟಕ್ಕೆ ಇಷ್ಟು ವರ್ಷ ಹೆದರ್ಕಂಡಿದ್ನಾ ನಾನು?" ಎಂದರು.

ಎರಡು ವರ್ಷದ ಹಿಂದೆ ಅವರ ಗುಂಪಿನವಳೇ ಒಬ್ಬಳು ಹೊಳೆಯ ಗುಂಡಿಗೆ ಕಾಲಿಟ್ಟು ಮುಳುಗಿ ಹೋದಳು. ಆಮೇಲೆ ಶುರುವಾದದ್ದು ನಮ್ಮ ಈ ಭಾನುವಾರದ ಕ್ಲಾಸು, ಹೊನ್ನಾವರದಲ್ಲಿ ದೋಣಿ ನಿಲ್ಲುವ ಹಳೇ ದಕ್ಕೆಯ ಮೆಟ್ಟಿಲಿನಲ್ಲಿ. "ತೇಲು" ಎಂದು ಹೆಸರಿಟ್ಟದ್ದು ಜಯಶ್ರೀ. ನೀರಿನ ಕೆಲಸ ನನ್ನದು, ಕಾಗದಪತ್ರ, ಫೋನು, ಹೊರಗಿನವರ ಜೊತೆ ಮಾತು ಅವಳದು. ಹಂಚಿಕೊಂಡದ್ದಲ್ಲ, ಹಾಗೇ ಆಗಿಹೋಯಿತು. ಕಾಲೇಜಿನಲ್ಲೂ ನಾವು ಹೀಗೇ ಇದ್ದೆವು.

ಈಗ ವೆಬ್‌ಸೈಟ್ ಬೇಕಂತೆ. ಹದಿನಾಲ್ಕು ಟೆಂಪ್ಲೇಟ್ ಲಿಂಕ್ ಕಳಿಸಿದ್ದಾಳೆ. "ನೋಡಿ ಒಂದನ್ನ ಆರಿಸು" ಅಂತ. ನಾನು ಕಲಿಸುವ ಶಾಲೆಯಲ್ಲಿ ವಾರ್ಷಿಕ ಕ್ರೀಡಾಕೂಟ ತಲೆ ಮೇಲಿದೆ. ಯಾವಾಗ ನೋಡುವುದು…

ಫೆಬ್ರವರಿ 5, ಬುಧವಾರ

ಶಾಲೆ ಮುಗಿಸಿ ಕುಮಟಾಕ್ಕೆ ಹೋಗಿದ್ದೆ. ಜಯಶ್ರೀಯ ಝೆರಾಕ್ಸ್ ಅಂಗಡಿಯಲ್ಲಿ ಕೂತು ಟೆಂಪ್ಲೇಟ್ ನೋಡಿದ್ದೇ ನೋಡಿದ್ದು. ಮಧ್ಯೆ ಮಧ್ಯೆ ಅವಳಿಗೆ ಆಧಾರ್ ಝೆರಾಕ್ಸು, ಯಾರದೋ ಸ್ಕಾಲರ್‌ಶಿಪ್ ಅರ್ಜಿ.

ಎಲ್ಲ ಟೆಂಪ್ಲೇಟೂ ಒಂದೇ ಥರ. ತೆರೆದ ಕೂಡಲೇ ಪರದೆ ತುಂಬ ಒಂದು ಫೋಟೋ. ನೀಲಿ ಕೊಳ, ಬಿಳಿ ಹೆಂಗಸು, ನಗು. ಕೆಳಗೆ ಮೂರು ದುಂಡು ಚಿತ್ರ — "ನಮ್ಮ ತಂಡ". ಅದರ ಕೆಳಗೆ ಐದು ನಕ್ಷತ್ರ, ಯಾರೋ ಹೊಗಳಿದ ಮಾತು. ನಮ್ಮ ಕನ್ನಡ ಹಾಕಿದರೆ ಒತ್ತಕ್ಷರ ಎಲ್ಲ ಕಿತ್ತುಹೋಗುತ್ತದೆ. "ಹೊನ್ನಾವರ"ದ ನ ಒಂದು ಕಡೆ, ಒತ್ತು ಒಂದು ಕಡೆ.

ನನಗೆ ಒಂದು ಇಷ್ಟವಾಯಿತು. ಫೋಟೋ ಇಲ್ಲ. ಬಿಳಿ ಪುಟ, ಒಂದೇ ಕಾಲಮ್ಮು, ಅಕ್ಷರ ದೊಡ್ಡದು. ಯಾವಾಗ, ಎಲ್ಲಿ, ಏನು ಉಟ್ಟುಕೊಂಡು ಬರಬೇಕು — ಅಷ್ಟೇ ಹೇಳಬಹುದು.

"ಇದು ಪಂಚಾಯ್ತಿ ನೋಟಿಸ್ ಬೋರ್ಡು ಮಾರಾಯ್ತಿ" ಎಂದಳು. "ಯಾರು ನೋಡ್ತಾರೆ ಇದನ್ನ?"

"ಬರುವವರು ನೋಡ್ತಾರೆ."

"ಬರುವವರು ವೆಬ್‌ಸೈಟ್ ನೋಡಿ ಬರೂದಿಲ್ಲ, ಸುಮತಿ. ಮಾಸ್ತಮ್ಮ ಹೇಳಿದ್ರು ಅಂತ ಬರೂದು. ವೆಬ್‌ಸೈಟು ಬೇರೆಯವರಿಗೆ."

ಬೇರೆಯವರು ಅಂದರೆ ಮಂಗಳೂರಿನ ಒಂದು ಟ್ರಸ್ಟು. ಲೈಫ್ ಜಾಕೆಟ್ ಕೊಡುವವರು. ಇಪ್ಪತ್ತು ಜಾಕೆಟ್ ಸಿಕ್ಕರೆ ಬಳಚಿಗೆ ಹೋಗುವವರಿಗೆಲ್ಲ ಸಾಕು. ಅದು ನನಗೂ ಬೇಕು. ಅದಕ್ಕೆ ಒಪ್ಪಿದೆ — ದೊಡ್ಡ ಫೋಟೋ ಇರುವ ಟೆಂಪ್ಲೇಟೇ ಆಗಲಿ, ಆದರೆ ಫೋಟೋದಲ್ಲಿ ಹೊಳೆ ಮಾತ್ರ. ಮನುಷ್ಯರು ಬೇಡ.

"ಆತು" ಎಂದಳು. ಚಾ ತರಿಸಿದಳು.

ಹೊಗಳಿಕೆಯ ಜಾಗಕ್ಕೆ ಅವಳೇ ಬರೆದಳು: "ನನ್ನ ಬದುಕೇ ಬದಲಾಯಿತು — ಪ್ರಿಯಾ, ಮಂಗಳೂರು." ಯಾವ ಪ್ರಿಯಾ ಎಂದು ಕೇಳಿದೆ. ನಕ್ಕಳು. "ಜಾಗ ಖಾಲಿ ಬಿಡೂಕಾಗೂದಿಲ್ಲ." ನಾನೂ ನಕ್ಕೆ.

ಫೆಬ್ರವರಿ 9, ಭಾನುವಾರ

ಸುಚಿತಾ ಇವತ್ತು ಮೂರು ನಿಮಿಷ ತೇಲಿದಳು. ಇಪ್ಪತ್ನಾಲ್ಕರ ಹುಡುಗಿ, ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುತ್ತಾಳೆ. ಮದುವೆಯಾಗಿ ವರ್ಷ ಆಗಿಲ್ಲ. ಬೆನ್ನ ಮೇಲೆ ಮಲಗಿ ಕಣ್ಣು ಮುಚ್ಚಿ, ಕೈ ಎರಡೂ ಬಿಟ್ಟು, ಜಡೆ ಬಿಚ್ಚಿಹೋಗಿ ಕೂದಲು ನೀರಲ್ಲಿ ಹರಡಿ… ಹಾಗೆ ನೀರನ್ನು ನಂಬುವವರನ್ನು ನಾನು ಕಂಡದ್ದು ಕಡಿಮೆ. ವಿಡಿಯೋ ಮಾಡಿದೆ. ಎಲ್ಲರದೂ ಮಾಡುತ್ತೇನೆ, ಕಾಲು ಬಡಿಯುವ ತಪ್ಪು ಅವರಿಗೇ ತೋರಿಸಲಿಕ್ಕೆ. ತೋರಿಸಿದ ಮೇಲೆ ಅಳಿಸಬೇಕು. ಎಷ್ಟೋ ಸಲ ಮರೆತಿದ್ದೇನೆ.

ಹೋಗುವಾಗ ಹತ್ತಿರ ಬಂದಳು. "ಟೀಚರ್, ಅದು ಎಲ್ಲೂ ಹೋಗೂದಿಲ್ಲ ಅಲ್ದಾ?"

"ನನ್ನ ಫೋನ್ ಬಿಟ್ಟು ಎಲ್ಲೂ ಹೋಗೂದಿಲ್ಲ."

ಅವಳ ಮನೆಯಲ್ಲಿ ಗೊತ್ತಿಲ್ಲ. ಭಾನುವಾರ ಅಂಗಡಿಯಲ್ಲಿ ಸ್ಟಾಕ್ ಲೆಕ್ಕ ಎಂದು ಹೇಳಿ ಬರುತ್ತಾಳೆ. ಅತ್ತೆ ಮಂಗಲಾ ಕೆಟ್ಟವರಲ್ಲವಂತೆ, ಅವರ ದೊಡ್ಡ ಮಗ ದೋಣಿ ಮಗುಚಿ ಸತ್ತಿದ್ದಾನೆ. ಆರು ವರ್ಷವಾಯಿತು. ಅಂದಿನಿಂದ ಮನೆಯವರು ಯಾರೂ ನೀರಿಗೆ ಇಳಿಯುವ ಹಾಗಿಲ್ಲ. ಕಿರಿಯವ ನಾಗೇಶ — ಸುಚಿತಾಳ ಗಂಡ — ದೋಣಿ ಬಿಟ್ಟು ಮುರ್ಡೇಶ್ವರದ ಹೋಟೆಲ್ಲೊಂದರಲ್ಲಿ ಕೆಲಸಕ್ಕೆ ಸೇರಿದ.

"ಮತ್ತೆ ನೀ ಎಂತಕ್ಕೆ ಬತ್ತೆ?" ಎಂದು ಕೇಳಿದ್ದೆ ಮೊದಲ ದಿನ.

"ಮನೇಲಿ ಒಬ್ಬರಿಗಾದ್ರೂ ಈಜು ಬರಬೇಕಲ ಟೀಚರ್."

ಫೆಬ್ರವರಿ 11, ಮಂಗಳವಾರ

ಜಯಶ್ರೀ ಫೋನಲ್ಲಿ ಕೇಳಿದಳು, ಕ್ಲಾಸ್ ಹೇಗಾಯಿತು ಅಂತ. ಸುಚಿತಾಳ ವಿಷಯ ಹೇಳಿದೆ. ಖುಷಿ ತಡೆಯಲಾಗಲಿಲ್ಲ ನನಗೆ. "ಕಳಿಸೆ, ನಾನೊಬ್ಬಳು ನೋಡ್ತೆ" ಎಂದಳು.

ಕಳಿಸಿದೆ.

ಜಯಶ್ರೀ ಹೊರಗಿನವಳಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದ ಹದಿನೇಳು ದಿನವೂ ಅಂಗಡಿ ಮುಚ್ಚಿ ನನ್ನ ಜೊತೆ ಬೆಂಚಿನ ಮೇಲೆ ಕೂತವಳು.

ಫೆಬ್ರವರಿ 20, ಗುರುವಾರ

ಪ್ರಿವ್ಯೂ ಲಿಂಕ್ ಬಂತು. ಸ್ಟಾಫ್ ರೂಮಿನಲ್ಲಿ ತೆರೆದೆ. ಪರದೆ ತುಂಬ ಸುಚಿತಾ.

ಫೋನನ್ನು ಕವುಚಿಟ್ಟೆ. ಪಕ್ಕದಲ್ಲಿ ಗಣಿತದವರು ಕೂತಿದ್ದರು.

ಹೊರಗೆ ಬಂದು ಕರೆ ಮಾಡಿದೆ. ಸಮಾಧಾನವಾಗಿಯೇ ಮಾತಾಡಿದಳು. "ಲೇಔಟ್ ಹ್ಯಾಂಗೆ ಕಾಣ್ತದೆ ನೋಡೂಕೆ ಹಾಕಿದ್ದು ಅಷ್ಟೇ. ವಿಡಿಯೋದಿಂದ ಒಂದು ಫ್ರೇಮ್ ತೆಗೆದೆ. ಹೊಳೆ ಫೋಟೋ ಹಾಕಿದ್ರೆ ಸತ್ತ ಹಾಗೆ ಕಾಣ್ತಿತ್ತು. ಇದು ಹಾಕಿದ ಕೂಡ್ಲೇ ಜೀವ ಬಂತು."

"ತೆಗಿ ಜಯಶ್ರೀ. ನಾನು ಮಾತು ಕೊಟ್ಟಿದ್ದೇನೆ ಅವಳಿಗೆ."

"ತೆಗೀತೆ. ಇದು ಲೈವ್ ಅಲ್ಲ ಮಾರಾಯ್ತಿ, ನೀನು ನಾನು ಬಿಟ್ರೆ ಯಾರಿಗೂ ಕಾಣೂದಿಲ್ಲ."

ಸಂಜೆ ಅದೇ ಲಿಂಕ್ ಮತ್ತೆ ತೆರೆದೆ. ಹೊಳೆ. ಆಚೆ ದಡದ ತೆಂಗು, ಒಂದು ಖಾಲಿ ದೋಣಿ. ಚೆನ್ನಾಗಿಯೇ ಇದೆ. ಸುಮ್ಮನೆ ಕೂಗಾಡಿದೆನೇನೋ. ಸಾರಿ ಎಂದು ಮೆಸೇಜ್ ಹಾಕಿದೆ. ಹೃದಯದ ಚಿಹ್ನೆ ಕಳಿಸಿದಳು.

ಮಾರ್ಚ್ 2, ಭಾನುವಾರ

ಸೈಟ್ ಶುರುವಾಯಿತಂತೆ. ನನ್ನಲ್ಲಿ ಹಳೇ ಲಿಂಕ್ ಇದ್ದೇ ಇದೆ, ಅದನ್ನೇ ತೆರೆದು ನೋಡಿದೆ. ಹೊಳೆ, ತೆಂಗು, ದೋಣಿ. ನಾನು ಬರೆದುಕೊಟ್ಟ ಸಾಲು ಸರಿಯಾಗಿ ಬಂದಿದೆ, ಒತ್ತಕ್ಷರಗಳೂ ಕೂಡಿಕೊಂಡಿವೆ. ಟ್ರಸ್ಟಿನವರಿಗೆ ಬಹಳ ಇಷ್ಟವಾಯಿತು ಎಂದಳು.

ಕ್ಲಾಸಿಗೆ ಹದಿಮೂರು ಮಂದಿ. ಸುಚಿತಾ ಹೊಳೆಯ ಅರ್ಧದವರೆಗೆ ಹೋಗಿ ಬಂದಳು.

ಮಾರ್ಚ್ 9, ಭಾನುವಾರ

ಬಂದದ್ದು ನಾಲ್ಕು ಜನ.

ನೀರು ಇಳಿತ ಇದೆ, ಅದಕ್ಕೇ ತಡವಾಯಿತೇನೋ ಎಂದು ಕಾದೆ. ಏಳೂವರೆಯಾಯಿತು. ಮಾಸ್ತಮ್ಮ ಮೆಟ್ಟಿಲಲ್ಲೇ ಕೂತಿದ್ದರು, ನೀರಿಗೆ ಇಳಿದಿರಲಿಲ್ಲ.

"ಯಾರೂ ಬರೂದಿಲ್ಲ ಟೀಚರ್" ಎಂದರು. "ನಿಮ್ಮ ವೆಬ್‌ಸೈಟಲ್ಲಿ ಸುಚಿತಾನ ಫೋಟೋ ಹಾಕಿದ್ದೀರಂತಲ."

ಇಲ್ಲ ಎಂದೆ. ಅದು ತೆಗೆದಾಗಿದೆ ಎಂದೆ. ನನ್ನ ಲಿಂಕ್ ತೆರೆದು ತೋರಿಸಿದೆ — ನೋಡಿ, ಹೊಳೆ. ಉಳಿದ ಮೂವರಲ್ಲಿ ಒಬ್ಬಳು ತನ್ನ ಫೋನ್ ಮುಂದೆ ಹಿಡಿದಳು. ಬಟ್ಟೆ ಅಂಗಡಿಯವರ ಗ್ರೂಪಿನಲ್ಲಿ ಬಂದದ್ದು. ಲಿಂಕ್ ಒತ್ತಲೂ ಬೇಕಾಗಿಲ್ಲ. ಮೇಲೇ ಸಣ್ಣ ಚೌಕದಲ್ಲಿ ಅವಳಿದ್ದಳು. ಕಣ್ಣು ಮುಚ್ಚಿ, ಕೂದಲು ಹರಡಿ.

ಒತ್ತಿದೆ. ವಿಳಾಸ ಬೇರೆ. ನನ್ನ ಹತ್ತಿರ ಇರುವ ಲಿಂಕ್ ಅಲ್ಲ ಅದು. ಟೆಂಪ್ಲೇಟ್ ಅದೇ, ಅಕ್ಷರ ಅದೇ, ನನ್ನ ಸಾಲುಗಳೇ. ಫೋಟೋ ಮಾತ್ರ ಅವಳದು. ಕೆಳಗೆ ಸಣ್ಣದಾಗಿ: "ಚಿತ್ರ: ಸುಮತಿ".

ಮಂಗಲಾ ಗುರುವಾರ ನೋಡಿದರಂತೆ. ಪಕ್ಕದ ಮನೆಯವರು ತೋರಿಸಿದ್ದು, ಹೆಮ್ಮೆಯಿಂದಲೇ — ನಿಮ್ಮ ಸೊಸೆ ಎಷ್ಟು ಚಂದ ಬಂದಿದ್ದಾಳೆ ಅಂತ. ಅವರು ಫೋಟೋ ನೋಡಿ ಅಂಗಳದಲ್ಲೇ ಕುಸಿದರಂತೆ. ಸೊಸೆ ಅಡುಗೆಮನೆಯಲ್ಲಿ ಅನ್ನ ಬಸಿಯುತ್ತಿದ್ದಳು. ಅವಳು ಓಡಿ ಬಂದು ಹಿಡಿದರೂ ಅತ್ತೆ ಅವಳನ್ನು ನೋಡಲಿಲ್ಲವಂತೆ, ಫೋನನ್ನೇ ನೋಡುತ್ತಿದ್ದರಂತೆ. "ಸಿಕ್ತಾ? ಯಾವ ದಡಕ್ಕೆ ಸಿಕ್ತು?" ಎಂದು ಕೇಳುತ್ತಲೇ ಇದ್ದರಂತೆ.

ಸುಚಿತಾಳನ್ನು ಬೆಳಕೆಯ ತವರಿಗೆ ಬಿಟ್ಟು ಬಂದಿದ್ದಾನೆ ನಾಗೇಶ.

"ಬಾಕಿಯವರ ಮನೇಲೂ ಈಗ ಕೇಳ್ತಿದ್ದಾರೆ, ನಿಂದೂ ಫೋಟೋ ತೆಗ್ದಿದ್ದಾರಾ ಅಂತ" ಎಂದರು ಮಾಸ್ತಮ್ಮ. "ನೀವು ತೆಗ್ದದ್ದು ನಾವೆಲ್ಲ ಕಂಡಿದ್ದೇವಲ ಟೀಚರ್. ಇಲ್ಲ ಅಂತ ಹ್ಯಾಂಗೆ ಹೇಳೂದು?"

ನೀರಿಗಿಳಿಯದೆ ಮನೆಗೆ ಬಂದೆ.

ಮಾರ್ಚ್ 10, ಸೋಮವಾರ

ರಜೆ ಹಾಕಿ ಕುಮಟಾಕ್ಕೆ ಹೋದೆ. ಅಂಗಡಿ ಆಗ ತಾನೇ ತೆರೆದಿದ್ದಳು. ನನ್ನ ಮುಖ ನೋಡಿ ಪ್ರಿಂಟರ್ ಆಫ್ ಮಾಡಿದಳು.

ಜಗಳ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅದೇ ಕಷ್ಟ.

"ನಿಂಗೆ ತೋರಿಸೂಕೆ ಒಂದು ಕಾಪಿ ಇಟ್ಟಿದ್ದೆ" ಎಂದಳು. "ನೀ ಒಪ್ಪೂದಿಲ್ಲ ಅಂತ ಗೊತ್ತಿತ್ತು. ನಿನ್ನ ಮನಸ್ಸು ಕೆಡಿಸೂದು ಬೇಡ ಅಂತ."

ಒಂದು ಕಾಪಿ. ನನಗೊಬ್ಬಳಿಗಾಗಿ ಒಂದು ವೆಬ್‌ಸೈಟ್. ಅದನ್ನು ನಾನು ಮೂರು ಸಲ ತೆರೆದು ನೋಡಿ ಖುಷಿಪಟ್ಟಿದ್ದೆ.

"ಸಾರಿ ಅಂತ ಕಳಿಸಿದ್ದೆ ನಾನು. ನೀನು ಹಾರ್ಟ್ ಹಾಕಿದೆ."

ಅವಳು ಡ್ರಾಯರಿನಿಂದ ಒಂದು ಕಾಗದ ತೆಗೆದು ಮುಂದಿಟ್ಟಳು. ಟ್ರಸ್ಟಿನ ಪತ್ರ. ಇಪ್ಪತ್ತಲ್ಲ, ಮೂವತ್ತು ಜಾಕೆಟ್. "ಈ ಫೋಟೋ ನೋಡಿ ಬಂದದ್ದು ಇದು. ಹೊಳೆ ನೋಡಿ ಅಲ್ಲ. ಯಾರ ಜೀವ ಉಳೀತದೆ ಇದರಿಂದ, ನೀನೇ ಹೇಳು. ಮತ್ತೆ ನನ್ನ ಹೆಸರು ಹಾಕ್ಕಂಡಿದ್ದೇನಾ? ನಿನ್ನ ಹೆಸರೇ ಹಾಕಿದ್ದು."

"ಅದೇ. ನನ್ನ ಹೆಸರು."

"ನಿಂಗೆ ಕ್ರೆಡಿಟ್ ಸಿಗ್ಲಿ ಅಂತ ಹಾಕಿದ್ದು ಸುಮತಿ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದು ಮುಖದಲ್ಲೇ ಗೊತ್ತಾಗುತ್ತಿತ್ತು. ನಿಜವಾಗಿಯೂ ನನಗೊಂದು ಉಪಕಾರ ಮಾಡಿದ್ದೇನೆ ಎಂದುಕೊಂಡಿದ್ದಳು.

ನನ್ನೆದುರೇ ಸೈಟಿನಿಂದ ಫೋಟೋ ತೆಗೆದುಹಾಕಿದಳು. ಆಮೇಲೆ ಒಂದು ಫಾರ್ಮ್ ಕೊಟ್ಟಳು. ಸೈಟಿನಲ್ಲಿರುವವರ ಒಪ್ಪಿಗೆ ಪತ್ರ ಟ್ರಸ್ಟಿನವರು ಕೇಳಿದ್ದಾರಂತೆ, ಜಾಕೆಟ್ ಕಳಿಸುವ ಮೊದಲು. "ಸುಚಿತಾನ ಒಂದು ಸಹಿ ತಂದ್ಬಿಡು. ಫೆಬ್ರವರಿ ತಾರೀಕು ಹಾಕಿದ್ರೆ ಆತು. ನೀ ಕೇಳಿದ್ರೆ ಇಲ್ಲ ಅನ್ನೂದಿಲ್ಲ ಅವಳು."

ಫಾರ್ಮ್ ಬ್ಯಾಗಿಗೆ ಹಾಕಿಕೊಂಡೆ. ಯಾಕೆ ಹಾಕಿಕೊಂಡೆನೋ. ಅವಳ ಮುಂದೆ ಹರಿಯಬೇಕಿತ್ತು.

ಮಾರ್ಚ್ 12, ಬುಧವಾರ

ಬೆಳಕೆ. ಭಟ್ಕಳ ಬಸ್ಸಿನಲ್ಲಿ ಹೋಗಿ ಅಲ್ಲಿಂದ ರಿಕ್ಷಾ. ಸುಚಿತಾಳ ಅಮ್ಮ ಜಗುಲಿಯಲ್ಲಿ ಶೇಂಗಾ ಬಿಡಿಸುತ್ತಿದ್ದರು. ಕೂತುಕೊಳ್ಳಿ ಎಂದರು, ನೀರು ಕೊಟ್ಟರು, ಒಳಗೆ ಹೋದವರು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಅವಳೇ ಬಂದಳು. ಬಾಗಿಲಿಗೊರಗಿ ನಿಂತಳು.

ನಡೆದದ್ದನ್ನೆಲ್ಲ ಹೇಳಿದೆ. ಜಯಶ್ರೀಗೆ ವಿಡಿಯೋ ಕಳಿಸಿದ್ದು, ಎರಡು ಸೈಟು, ಎಲ್ಲ. ಹೇಳುತ್ತ ಹೇಳುತ್ತ ನನಗೇ ಅನಿಸಿತು, ಜಯಶ್ರೀ ಹೆಸರು ತುಂಬ ಸಲ ಬರುತ್ತಿದೆ.

"ಅವರನ್ನ ನಾನು ಕಂಡದ್ದು ಎರಡು ಸಲ" ಎಂದಳು ಸುಚಿತಾ. "ನಾ ಕೇಳಿದ್ದು ನಿಮ್ಮನ್ನ."

ಹೌದು ಎಂದೆ.

"ಅತ್ತೆ ನನ್ನ ಜೊತೆ ಮಾತಾಡೂದಿಲ್ಲ. ಬೈದಿದ್ರೆ ಅಡ್ಡಿಲ್ಲ ಆಗಿತ್ತು. ಸುಳ್ಳು ಹೇಳಿ ಹೋಗ್ತಿದ್ದೆ ಅಂತ ಬೈಬೇಕಿತ್ತು. ಮುಟ್ಟಿ ನೋಡ್ತಾರೆ ಟೀಚರ್. ಕೈ ತಣ್ಣಗುಂಟಾ ಅಂತ ಮುಟ್ಟಿ ನೋಡ್ತಾರೆ. ಅಲ್ಲಿ ಇರೂಕೆ ಆಗ್ಲಿಲ್ಲ ನಂಗೆ, ನಾನೇ ಬಿಟ್ಬನ್ನಿ ಅಂದೆ."

ನಾನು ಏನೋ ಹೇಳಲು ಹೋದೆ. ಅವಳು ತಡೆದಳು.

"ಕೇಳಿದ್ರೆ ಕೊಡ್ತಿದ್ನೋ ಏನೋ. ನಂಗೂ ಆ ದಿನ ಖುಷಿ ಇತ್ತು. ಮನೇಲಿ ಹೇಳಿಯೇ ಕೊಡ್ತಿದ್ನೋ ಏನೋ. ಯಾರೂ ಕೇಳ್ಲಿಲ್ಲ."

ಫಾರ್ಮ್ ತೆಗೆಯಲಿಲ್ಲ. ಆದರೆ ಅದು ಮಡಿಲಲ್ಲಿದ್ದ ಬ್ಯಾಗಿನಲ್ಲೇ ಇತ್ತು, ಅವಳು ಮಾತಾಡುವಷ್ಟು ಹೊತ್ತೂ. ಮೂವತ್ತು ಜಾಕೆಟ್ ಎಂದು ಒಂದು ಸಲ ಯೋಚನೆ ಬಂತು. ಬಂತು ಎಂದು ಇಲ್ಲಿ ಬರೆದಿಡುತ್ತೇನೆ. ಬೇರೆ ಯಾರಿಗೆ ಹೇಳಲಿ.

ವಾಪಸು ಬರುವಾಗ ಬಸ್ಸಿನಲ್ಲೇ ಟ್ರಸ್ಟಿಗೆ ಫೋನ್ ಮಾಡಿದೆ. ಫಾರ್ಮಿನ ತಲೆಯ ಮೇಲೆ ನಂಬರ್ ಇತ್ತು. ಒಪ್ಪಿಗೆ ಇಲ್ಲದೆ ಹಾಕಿದ ಫೋಟೋ ಅದು ಎಂದೆ. ಪ್ರಿಯಾ ಎಂಬವಳೂ ಇಲ್ಲ ಎಂದೆ. ಆ ಕಡೆಯ ಹೆಂಗಸು, ತಿಳಿಸಿದ್ದಕ್ಕೆ ಥ್ಯಾಂಕ್ಸ್ ಮೇಡಂ, ಈ ಅರ್ಜಿ ಸದ್ಯಕ್ಕೆ ಮುಂದಕ್ಕೆ ಹಾಕಬೇಕಾಗುತ್ತದೆ ಎಂದರು.

ಮಾರ್ಚ್ 14, ಶುಕ್ರವಾರ

ಜಯಶ್ರೀ ಒಂದೇ ಮೆಸೇಜು. "ಇಪ್ಪತ್ತೆರಡು ವರ್ಷದಲ್ಲಿ ನಾನು ನಿಂಗೆ ಒಂದು ಸಲವೂ ಬೆನ್ನ ಹಿಂದೆ ಹೀಗೆ ಮಾಡಿರಲಿಲ್ಲ."

ಐದಾರು ಸಲ ಓದಿದೆ. ಹಾಗೆ ಬರೆಯಲು ಅವಳಿಗೆ ಕೈ ಬಂತಲ್ಲ ಎಂದು. ಆಮೇಲೆ ಅನಿಸಿತು, ಅವಳಿಗೆ ನಿಜಕ್ಕೂ ಹಾಗೇ ಅನಿಸುತ್ತಿದೆ.

ಮಾರ್ಚ್ 16, ಭಾನುವಾರ

ಐದು ಜನ. ಮೆಟ್ಟಿಲ ಮೇಲೆ ನಿಂತು ಎಲ್ಲರೆದುರು ಫೋನ್ ತೆಗೆದೆ. ಎಲ್ಲರ ವಿಡಿಯೋ ಅಳಿಸಿದೆ, ಒಂದೂ ಬಿಡದೆ. ಕಸದ ಡಬ್ಬಿಯ ಫೋಲ್ಡರೂ ಖಾಲಿ ಮಾಡಿದೆ. ಫೋನನ್ನು ಅವರ ಕೈಗೇ ಕೊಟ್ಟೆ, ಹುಡುಕಿ ನೋಡಿ ಅಂತ. ಯಾರೂ ಹುಡುಕಲಿಲ್ಲ. ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ ನನಗೇ ವಾಪಸು ಬಂತು.

ಜಾಕೆಟ್ ಬರುವುದಿಲ್ಲ ಎಂದೂ ಹೇಳಿದೆ. ಯಾಕೆಂದೂ ಹೇಳಿದೆ.

ಮಾಸ್ತಮ್ಮ "ಬಂದಿದ್ರೆ ಚಲೋ ಇತ್ತು" ಎಂದರು. ಅಷ್ಟೇ. ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಸೀರೆ ಸಿಕ್ಕಿಸಿಕೊಂಡು ನೀರಿಗಿಳಿದರು.

ಏಪ್ರಿಲ್ 6, ಭಾನುವಾರ

ಕುಮಟಾದಲ್ಲಿ ಜಯಶ್ರೀ ಬೇರೆ ಕ್ಲಾಸ್ ಶುರು ಮಾಡಿದ್ದಾಳೆ. ಹೋಟೆಲ್ಲೊಂದರ ಕೊಳದಲ್ಲಿ, ಕಲಿಸಲು ಮಂಗಳೂರಿನಿಂದ ಒಬ್ಬರು ಬರುತ್ತಾರಂತೆ. ಹೆಸರು "ತೇಲು". ಸೈಟ್ ನೋಡಿದೆ. ಟೆಂಪ್ಲೇಟಿನ ಜೊತೆ ಬಂದ ನೀಲಿ ಕೊಳದ ಹೆಂಗಸನ್ನೇ ಇಟ್ಟಿದ್ದಾಳೆ. ಕೆಳಗೆ ನಾನು ಬರೆದ ಸಾಲುಗಳು ಹಾಗೇ ಇವೆ, ಒಂದು ಅಕ್ಷರ ಬದಲಾಗಿಲ್ಲ. "ನಮ್ಮ ತಂಡ"ದಲ್ಲಿ ಅವಳ ದುಂಡು ಚಿತ್ರ ಒಂದೇ.

ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಆಸ್ಪತ್ರೆಯ ಬೆಂಚು ನೆನಪಾಯಿತು. ಅದನ್ನು ಯಾವ ಕಡೆ ಇಡುವುದು ಎಂದು ಗೊತ್ತಾಗುತ್ತಿಲ್ಲ.

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ 10

ಕ್ಲಾಸ್ ಮುಗಿಸಿ ಮೆಟ್ಟಿಲು ಹತ್ತುವಾಗ ಮೇಲೊಬ್ಬರು ನಿಂತಿದ್ದರು. ತೆಳ್ಳಗೆ, ಬಿಳಿ ಕೂದಲು, ಚಪ್ಪಲಿ ಕೈಯಲ್ಲಿ. ಮಂಗಲಾ. ಮಾಸ್ತಮ್ಮನೇ ಹೇಳಿದ್ದು ಯಾರೆಂದು.

ನಾಗೇಶ ಹೋಗಿ ಸುಚಿತಾಳನ್ನು ಕರೆತಂದಿದ್ದಾನಂತೆ. ಮನೆಯಲ್ಲೇ ಇದ್ದಾಳಂತೆ. ಕ್ಷಮಿಸಿ ಎಂದೆ. ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನೀರನ್ನೇ ನೋಡುತ್ತಿದ್ದರು.

"ಎಲ್ಲಿ ಮಲಗಿದ್ದು ಅವಳು?"

ತೋರಿಸಿದೆ.

"ನನ್ನ ಮಗ ಮೂರನೇ ದಿನ ಸಿಕ್ಕಿದ್ದು. ಹಾಂಗೇ ಮಲಗಿದ್ದ. ಆ ಫೋಟೋ ಕಣ್ಣಿಂದ ಹೋಗೂದಿಲ್ಲ ನಂಗೆ." ನನ್ನ ಕಡೆ ತಿರುಗಿ, "ಅದು ಫೋಟೋ ಅಲ್ಲ, ವಿಡಿಯೋ ಅಂತ ಹೇಳ್ತು ಹುಡ್ಗಿ. ತಾ ಎದ್ದು ನಿಂತು ನಗ್ತೆ ಅದರಲ್ಲಿ ಅಂತ ಹೇಳ್ತು. ಹೌದಾ?"

ಹೌದು ಎಂದೆ.

"ನಂಗೆ ಅವಳು ಏಳೂದು ನೋಡ್ಬೇಕು."

ಅಳಿಸಿದೆ ಎಂದು ಹೇಳಿದೆ. ಎಲ್ಲರೆದುರು ಅಳಿಸಿದೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಅರ್ಥವಾಗಲಿಲ್ಲವೋ, ನಂಬಲಿಲ್ಲವೋ. "ಆತು" ಎಂದು ಹೇಳಿ ಚಪ್ಪಲಿ ಹಾಕಿಕೊಳ್ಳದೇ ಹೊರಟುಹೋದರು.

ಮಧ್ಯಾಹ್ನ 1

ಅದು ಇನ್ನು ಇರುವುದು ಒಂದೇ ಕಡೆ.

ಮಧ್ಯಾಹ್ನ 2:40

ಜಯಶ್ರೀಗೆ ಬರೆದೆ. "ಸುಚಿತಾಳ ವಿಡಿಯೋ ನಿನ್ನ ಹತ್ತಿರ ಇದ್ದರೆ ಕಳಿಸು. ಅವಳ ಅತ್ತೆ ನೋಡಬೇಕಂತೆ." ಬೇರೆ ಏನೂ ಬರೆಯಲಿಲ್ಲ. ಹೇಗಿದ್ದೀ ಎಂದೂ ಕೇಳಲಿಲ್ಲ.

ಮೆಸೇಜಿನ ಎರಡು ಟಿಕ್ ನೀಲಿಯಾಯಿತು, ಓದಿದ್ದಾಳೆ.

ಬರೆಯುತ್ತಿದ್ದಾಳೆ. ನಿಲ್ಲಿಸಿದಳು. ಮತ್ತೆ ಬರೆಯುತ್ತಿದ್ದಾಳೆ… ಇಷ್ಟುದ್ದ ಏನು ಬರೆಯುತ್ತಾಳೆ, ಕಳಿಸಲಿಕ್ಕೆ ಒಂದು ಬೆರಳು ಸಾಕು —

ಬಂತು. ವಿಡಿಯೋ ಅಲ್ಲ. "ಮೊದಲು ನೀನು ಟ್ರಸ್ಟಿಗೆ ಇನ್ನೊಂದು ಸಲ ಫೋನ್ ಮಾಡಿ, ಫೋಟೋಕ್ಕೆ ಒಪ್ಪಿಗೆ ಇತ್ತು ಎಂದು ಹೇಳು, ಆಮೇಲೆ ವಿಡಿಯೋ ಕಳಿಸುತ್ತೇನೆ."